ಬಿಸಿಲು ಕಾಣದ ಬಟ್ಟೆಗಳು

ಹದಿನಾಲ್ಕನೆಯ ಹೊದಿಕೆಯನ್ನು ಹಿಂಡಿ ಒಳಕೋಣೆಯ ಹಗ್ಗಕ್ಕೆ ಹಾಕುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಗಿತ್ತು. ನಮ್ಮಲ್ಲಿ ಬಟ್ಟೆಗೆ ಬಿಸಿಲು ತೋರಿಸುವಂತಿಲ್ಲ. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರು ಇಲ್ಲಿರುತ್ತಾರೆ. ಹೆಂಡತಿಯ ಮುಖವನ್ನು ಸರಿಯಾಗಿ ನೋಡದ ಗಂಡನೂ ಬೀದಿಯಲ್ಲಿ ನಿಂತು ಅವಳ ಬಟ್ಟೆಯ ಗುರುತು ಹಿಡಿದುಬಿಡುತ್ತಾನೆ. ಹಾಗಾಗಿ ಎಲ್ಲವೂ ಒಳಗೆ, ಎರಡು ಫ್ಯಾನುಗಳ ಕೆಳಗೇ ಒಣಗಬೇಕು. ಬಂದವರ ಹೆಸರನ್ನೂ ನಾವು ಕೇಳುವಂತಿಲ್ಲ. ಹಾಸಿಗೆಯ ನಂಬರೇ ಹೆಸರು.

ಖಾಲಿ ಬಕೆಟ್ಟು ಹಿಡಿದು ಮಹಡಿಯ ಮುಂದಿನ ಹಜಾರಕ್ಕೆ ಬಂದೆ. ಬೀದಿ ಕಡೆಯ ಕಿಟಕಿಯ ಸರಳಿಗೆ ಯಾರೋ ಪುಟ್ಟ ಫ್ರಾಕೊಂದನ್ನು ಹರವಿದ್ದರು. ಹಳದಿ ಬಣ್ಣ. ಎಡತೋಳಿಗೆ ಬಟ್ಟೆ ಸಾಲದೆ ನೀಲಿ ತುಂಡು ಸೇರಿಸಿತ್ತು. ಸೇರಿಸಿದವಳು ನಾನೇ. ನನ್ನ ತಮ್ಮನ ಮಗಳಿಗೆಂದು ಹೊಲಿದ ಫ್ರಾಕು.

ಸರಕ್ಕನೆ ಎಳೆದು ಬಕೆಟ್ಟಿಗೆ ಹಾಕಿಕೊಂಡೆ. ಗಂಟೆ ಐದಾಗಲು ಹತ್ತು ನಿಮಿಷವಿತ್ತು. ಐದಕ್ಕೆ ತಮ್ಮ ಸ್ಕೂಟರ್ ತಂದು ಆ ಕಿಟಕಿಯ ಕೆಳಗೇ ನಿಲ್ಲಿಸುತ್ತಾನೆ. ದಿನಾ ನನ್ನನ್ನು ಬಿಡುವವನೂ ಕರೆದೊಯ್ಯುವವನೂ ಅವನೇ. ಗಂಡ ತೀರಿಕೊಂಡ ಮೇಲೆ, ಈ ಏಳು ವರ್ಷ, ಅವನ ಮನೆಯ ಹಿಂದಿನ ಕೋಣೆಯೇ ನನಗೆ ನೆಲೆ.

ಒಂಬತ್ತನೆಯ ಹಾಸಿಗೆಯಲ್ಲಿ ತಮ್ಮನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ತುಟಿ ಒಡೆದಿತ್ತು. ಯಾರದೋ ದೊಗಲೆ ಅಂಗಿ ತೊಟ್ಟ ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು.

“ಬೈಬೇಡಿ ಅತ್ತಿಗೆ. ಇನ್ನೆಲ್ಲಿಗೆ ಹೋಗ್ಲಿ? ನನಗೆ ಗೊತ್ತಿದ್ದ ಜಾಗ ಇದೊಂದೇ.”

“ಫ್ರಾಕನ್ನ ಕಿಟಕಿಗೆ ಯಾಕೆ ಹಾಕ್ದೆ?”

“ಬಸ್ಸಲ್ಲಿ ವಾಂತಿ ಮಾಡ್ಕೊಂಡ್ಳು. ತಂದಿರೋದು ಒಂದೇ, ಬೇಗ ಒಣಗ್ಲಿ ಅಂತ…”

“ಒಣಗ್ತಿತ್ತು! ಅವನು ನೋಡಿದ್ರೆ ನಮ್ಮಿಬ್ಬರನ್ನೂ ಹಿಂಡಿ ಪಕ್ಕದಲ್ಲೇ ಹಾಕ್ತಿದ್ದ.”

ಅವಳಿಗೆ ನಗು ಬಂತು. ತುಟಿಯ ನೋವಿಗೆ ಅರ್ಧಕ್ಕೇ ನಿಂತಿತು.

“ಕೇಸು ಬರ್ಕೊಳ್ಳೋ ಮೇಡಂ ಹತ್ರ ಏನು ಹೇಳಿದೆ?”

“ಎಲ್ಲಾ ಹೇಳ್ದೆ. ಕಣ್ಣಾರೆ ಕಂಡವರು ಯಾರಾದ್ರೂ ಇದ್ರೆ ಕೋರ್ಟಲ್ಲಿ ಕೇಸು ಗಟ್ಟಿ ಆಗುತ್ತಂತೆ. ನಿಮ್ಮ ತಮ್ಮ ನಮ್ಮ ಹತ್ರ ಸುಳೀಬಾರ್ದು ಅಂತ ಆರ್ಡರ್ ಮಾಡಿಸಬಹುದಂತೆ. ಯಾರೂ ಕಂಡಿಲ್ಲ ಅಂದೆ.”

“ಯಾರೂ ಕಂಡಿಲ್ಲ ಅಂದ್ಯಾ?”

“ನಿಮ್ಮ ಹೆಸರು ಹೇಳಿದ್ರೆ ನೀವೆಲ್ಲಿರ್ತೀರಿ?”

ಹಿಂದಿನ ದಿನ ಅವನು ಅವಳ ಕೂದಲು ಹಿಡಿದು ಅಡುಗೆಮನೆಯ ಕಪಾಟಿಗೆ ಗುದ್ದಿದಾಗ ನಾನು ಬಾಗಿಲಲ್ಲೇ ಇದ್ದೆ. ಮಗುವನ್ನೆತ್ತಿಕೊಂಡು ನನ್ನ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡೆ. ಮಗುವನ್ನಾದರೂ ಕಾಪಾಡಿದೆ ಎಂದು ಬೆಳಗಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕೆಳಗೆ ಹಾರನ್ ಕೇಳಿತು. ನಿದ್ದೆಯಲ್ಲಿದ್ದ ಮಗುವಿನ ಬಾಯಿಗೆ ಅವಳು ಕೈ ಅಡ್ಡ ಹಿಡಿದಳು.

ನಾನು ಇಳಿದು ಬರುವಾಗ ತಮ್ಮ ಆಗಲೇ ಗೇಟಿನ ಒಳಗೆ ಒಂದು ಕಾಲಿಟ್ಟಿದ್ದ. ಕಾವಲಿನ ಅಜ್ಜಿ ಸ್ಟೂಲನ್ನೇ ಅಡ್ಡ ಎಳೆದುಕೊಂಡು ಕೂತಿದ್ದಳು.

“ಗಂಡಸರು ಒಳಗೆ ಬರೋ ಹಾಗಿಲ್ಲಪ್ಪ. ಗಂಡುಬೆಕ್ಕು ಬಂದ್ರೂ ಆಚೆ ಅಟ್ತೀನಿ ನಾನು.”

“ಅಕ್ಕಾ, ಅವಳು ಮಗೂನ ಕರ್ಕೊಂಡು ಎಲ್ಲೋ ಹೋಗಿದಾಳೆ. ತವರಲ್ಲೂ ಇಲ್ಲ. ಇಲ್ಲಿಗೇನಾದ್ರೂ ಬಂದ್ಳಾ?”

ಈ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರ. ಕೆಲಸಕ್ಕೆ ಸೇರಿದ ದಿನವೇ ಬಾಯಿಪಾಠ ಮಾಡಿಸುತ್ತಾರೆ. ಇದ್ದಾರೆ ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ. ಎಷ್ಟೋ ಗಂಡಂದಿರಿಗೆ ಹಾಗೆ ಹೇಳಿ ಕಳಿಸಿದ್ದೇನೆ. ಆದರೆ ಒಡಹುಟ್ಟಿದವನಿಗೆ ಅಷ್ಟು ಹೇಳಿದರೆ, ಇದ್ದಾಳೆ ಎಂದು ಹೇಳಿದ ಹಾಗೇ.

“ಇಲ್ಲ,” ಎಂದೆ.

“ನನ್ನ ಮುಖ ನೋಡಿ ಹೇಳು.”

ನೋಡಿದೆ. ಚಿಕ್ಕಂದಿನಲ್ಲಿ ಅಪ್ಪನ ಏಟಿಗೆ ಹೆದರಿ ನನ್ನ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದವನು. “ಇಲ್ಲ ಕಣೋ. ಬಟ್ಟೆ ಒಗೆಯೋಳು ನಾನು. ಬಂದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?”

ಅವನು ತಲೆ ಎತ್ತಿದ. ಕಿಟಕಿ ಖಾಲಿಯಿತ್ತು. ಅದರ ಕೆಳಗೆ ಗೋಡೆಯುದ್ದಕ್ಕೂ ನೀರಿಳಿದ ಗೆರೆ ಇನ್ನೂ ಹಸಿ.

“ಅದೇನು ನೀರು?”

ಅಜ್ಜಿ ನನ್ನ ಮುಖ ನೋಡಿದಳು, ಗೋಡೆ ನೋಡಿದಳು.

“ಕೇಳು ನಿಮ್ಮಕ್ಕನ್ನೇ! ನೆಲ ಒರೆಸೋ ಬಟ್ಟೆ ಅಲ್ಲಿ ಹಾಕ್ಬೇಡ್ವೇ ಅಂತ ಬಡ್ಕೊಂಡೆ. ನನ್ನ ತಲೆ ಮೇಲೆಲ್ಲಾ ತೊಟ್ಟಿಕ್ತು.”

ಅವನ ಭುಜ ಸಡಿಲವಾಯಿತು. “ಸಿಗ್ಲಿ, ಮಾಡ್ತೀನಿ ಅವಳಿಗೆ. ನಾಳೆ ಯಾರಾದ್ರೂ ಕೇಳಿದ್ರೆ ನೀನೇ ಹೇಳ್ಬೇಕಕ್ಕ, ನಾನು ಚೆನ್ನಾಗೇ ನೋಡ್ಕೊಂಡಿದ್ದೆ ಅಂತ. ನಿನ್ನನ್ನ ನೋಡ್ಕೊಂಡಿಲ್ವಾ?”

“ನೋಡ್ಕೊಂಡಿದೀಯ.” ಅದು ಸುಳ್ಳಾಗಿರಲಿಲ್ಲ.

ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಅವನು ಅವಳನ್ನು ಬಯ್ಯುತ್ತಲೇ ಇದ್ದ; ನಾನು ನನ್ನ ಕೋಣೆಯನ್ನು ಮನಸ್ಸಿನಲ್ಲೇ ಸುತ್ತಿ ಬಂದೆ. ರಕ್ತದೊತ್ತಡದ ಮಾತ್ರೆ, ಗುರುತಿನ ಚೀಟಿ, ಎರಡು ಜೊತೆ ಬಟ್ಟೆ. ಊಟದ ಡಬ್ಬಿಯ ಚೀಲದಲ್ಲಿ ಹಿಡಿಸುವಷ್ಟೇ. ಅದಕ್ಕಿಂತ ಹೆಚ್ಚಾದರೆ ಅವನಿಗೆ ಅನುಮಾನ ಬರುತ್ತದೆ. ಮೇಡಂ ಎಂಟೂವರೆಗೆ ಬರುತ್ತಾರೆ. ಕಂಡವಳು ನಾನು ಎಂದು ಬರೆಸಿದ ಮೇಲೆ ಈ ಸ್ಕೂಟರ್ ಹತ್ತುವಂತಿಲ್ಲ.

“ಯಾಕಕ್ಕ, ಮಾತೇ ಇಲ್ಲ?”

“ಸುಸ್ತು ಕಣೋ.”

“ನಾಳೆ ಎಷ್ಟೊತ್ತಿಗೆ ಬಿಡ್ಲಿ?”

“ಎಂಟಕ್ಕೆ,” ಎಂದೆ.