ಇನ್ನೊಂದು ಗಂಟೆ ಹತ್ತು ನಿಮಿಷ

ತಮ್ಮನ ಪಾದಕ್ಕೆ ಕಾಲುಚೀಲ ಏರಿಸುತ್ತಿದ್ದ ಅಕ್ಕ ಅವನ ಹೆಬ್ಬೆರಳನ್ನು ಚಿವುಟಿ, “ಗೊತ್ತಾಗ್ತಾ ಇದೆಯೇನೋ?” ಎಂದು ಕೇಳಿಬಿಟ್ಟಳು.

ಕೋಣೆಯಲ್ಲಿದ್ದವರು ಗರಬಡಿದವರಂತೆ ನಿಂತರು. ಹದಿನೆಂಟು ವರ್ಷ ದಿನಾ ಬೆಳಿಗ್ಗೆ ಕೇಳಿದ ಪ್ರಶ್ನೆ ಅದು. ಸತ್ತು ಒಂದೂವರೆ ದಿನವಾಗಿದೆ ಎಂಬುದು ತಲೆಗೆ ಗೊತ್ತಿತ್ತು, ಹಾಳು ನಾಲಿಗೆಗೆ ಗೊತ್ತಿರಲಿಲ್ಲ. ಅಕ್ಕ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

“ಯಾರಾದ್ರೂ ಆ ತಾಯೀನ ಎಬ್ಬಿಸಿ, ಆ ಕುರ್ಚಿ ಮೇಲೆ ಕೂರಿಸ್ರಪ್ಪ,” ಎಂದರು ಬಣ್ಣದ ಅಂಗಡಿಯ ಯಜಮಾನರು. ಅಕ್ಕನ ತಮ್ಮ ಇಪ್ಪತ್ತೈದು ವರ್ಷ ಬಣ್ಣ ಬೆರೆಸಿದ್ದು ಅವರ ಅಂಗಡಿಯಲ್ಲೇ. ಗಿರಾಕಿ ಗೋಡೆಯ ಚೂರೊಂದನ್ನು ತಂದು ಮುಂದಿಟ್ಟರೆ ಸಾಕು, ಯಂತ್ರ ಮುಟ್ಟದೆ ಅದೇ ಬಣ್ಣ ಕಲಸಿ ಕೊಡುತ್ತಿದ್ದ.

“ಅಂಗೈಯಲ್ಲಿಟ್ಟು ನೋಡ್ಕೊಂಡ್ರಿ ತಾಯಿ,” ಎಂದರು ಯಜಮಾನರು. “ಬೇರೆಯವರಾಗಿದ್ರೆ ಅವನು ಎಂದೋ ಹಾಸಿಗೆ ಹಿಡೀತಿದ್ದ.”

ಬೆಳಿಗ್ಗೆಯಿಂದ ಈ ಮಾತು ಹೇಳಿದವರಲ್ಲಿ ಇವರು ಏಳನೆಯವರು. ಪ್ರತಿ ಸಲವೂ ಅಕ್ಕ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು.

*

ಮೊದಲು ಕೈಕೊಟ್ಟದ್ದು ಕೆಂಪು ಬಣ್ಣ. ಯಾರದೋ ಗೇಟಿಗೆ ಬೆರೆಸಿದ ಕೆಂಪು ಕಣ್ಣು ಕುಕ್ಕುವಂತಾಗಿ, ಗಿರಾಕಿ ರಂಪ ಮಾಡಿ ಹೋದ. ಅವತ್ತು ತಮ್ಮ, ಮನೆಗೆ ಬಂದವನೇ ಬಲಗಣ್ಣು ಮುಚ್ಚಿಕೊಂಡು, “ಅಕ್ಕಾ, ಎಡಗಣ್ಣಲ್ಲಿ ನೋಡಿದ್ರೆ ಕೆಂಪೆಲ್ಲ ತೊಳೆದು ಒಣಗಿಸಿದ ಹಾಗೆ ಕಾಣುತ್ತೆ,” ಎಂದ.

“ಮೈಗಳ್ಳತನಕ್ಕೆ ಹೊಸ ಹೊಸ ಹೆಸರು!” ಎಂದಳು ಅಕ್ಕ. ಆರು ವಾರಕ್ಕೆ ಕಣ್ಣು ತಾನಾಗಿ ಸರಿಹೋಯಿತು. ಮರುವರ್ಷ ಸೊಂಟದಿಂದ ಕೆಳಗೆ ಜೋಮು ಹಿಡಿಯಿತು. ಅದೂ ಹೋಯಿತು. ನಿನ್ನೆ ಬಸ್ಸು ಹಿಡಿಯಲು ಓಡಿದವನು ಇವತ್ತು ಗೋಡೆ ಹಿಡಿದು ನಡೆದರೆ ಯಾರು ನಂಬುತ್ತಾರೆ? ಅಕ್ಕನೂ ನಂಬಲಿಲ್ಲ. ಡಾಕ್ಟರು ತಲೆಯ ಸ್ಕ್ಯಾನ್ ತೋರಿಸಿ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್, ವೈರಿನ ಮೇಲಿನ ರಬ್ಬರು ಅಲ್ಲಲ್ಲಿ ಕಿತ್ತುಹೋದ ಹಾಗೆ ನರಗಳ ಹೊದಿಕೆ ಹೋಗಿದೆ ಎಂದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಅವತ್ತಿಂದ ಕಾಯಿಲೆಯನ್ನು ತಾನೇ ಕೈಗೆತ್ತಿಕೊಂಡಳು.

ಅಕ್ಕ ನೂಲಿನ ಗಿರಣಿಯ ಗೇಟಿನಲ್ಲಿ ಕೆಲಸಗಾರರ ಕಾರ್ಡಿಗೆ ವೇಳೆ ಒತ್ತುವವಳು. ಒಂದು ನಿಮಿಷ ತಡವಾದರೂ ಒಳಗೆ ಬಿಡದ ಗಟ್ಟಿಗಿತ್ತಿ. ಡಾಕ್ಟರು ಹೇಳಿದ್ದರಲ್ಲಿ ಅವಳ ಮನಸ್ಸು ಗಟ್ಟಿಯಾಗಿ ಹಿಡಿದುಕೊಂಡದ್ದು ಒಂದೇ: ಹೊಸ ತೊಂದರೆ ಇಪ್ಪತ್ನಾಲ್ಕು ಗಂಟೆ ಮೀರಿ ಬಿಡದೆ ಇದ್ದರೆ ಅದು ಅಟ್ಯಾಕ್, ಕಾಯಿಲೆಯ ಹೊಸ ದಾಳಿ, ಆಗ ಆಸ್ಪತ್ರೆಗೆ ಫೋನ್ ಮಾಡಬೇಕು. ಬಿಸಿಲು, ಆಯಾಸ, ಜ್ವರಕ್ಕೆ ನರಗಳ ಹಳೆಯ ಗಾಯಗಳು ಕೆರಳುವುದುಂಟು, ಅದು ಅಟ್ಯಾಕ್ ಅಲ್ಲ. ಅಂದಿನಿಂದ ತಮ್ಮನ ಕಾಲು ಸೋತ ಗಳಿಗೆಯೇ ಅಕ್ಕ ಗಡಿಯಾರ ನೋಡುತ್ತಿದ್ದಳು. ತಣ್ಣೀರಿನ ಬಟ್ಟೆ ಕತ್ತಿಗೆ ಸುತ್ತಿ ಫ್ಯಾನಿನ ಕೆಳಗೆ ಕೂರಿಸಿದರೆ ಹೆಚ್ಚಿನ ಸಲ ಸಂಜೆಗೆಲ್ಲ ಎದ್ದು ಓಡಾಡುತ್ತಿದ್ದ.

“ನೋಡಿದ್ಯಾ? ಸುಮ್ನೆ ಆಸ್ಪತ್ರೆಗೆ ಓಡ್ತಿದ್ದೆ,” ಎನ್ನುತ್ತಿದ್ದಳು.

“ಕಾಯಿಲೆಗೂ ಕಾರ್ಡ್ ಮಾಡಿಸಿಬಿಟ್ಯಲ್ಲೇ ಮಾರಾಯ್ತಿ,” ಎಂದು ತಮ್ಮ ನಗುತ್ತಿದ್ದ.

*

ನರಗಳ ಕ್ಲಿನಿಕ್ಕಿನ ನರ್ಸು ಹತ್ತೂವರೆಗೆ ಬಂದಳು. ಹೂವಿಟ್ಟು, ಕೈಕಟ್ಟಿ ಸ್ವಲ್ಪ ಹೊತ್ತು ನಿಂತಳು. “ಮೊನ್ನೆ ಮೊನ್ನೆ ಬಂದು ನಗಿಸಿ ಹೋಗಿದ್ರು,” ಎಂದಳು.

“ಅಲ್ಲಮ್ಮಾ, ಈ ಕಾಯಿಲೆಗೆ ಯಾರೂ ಹೀಗೆ ಇದ್ದಕ್ಕಿದ್ದ ಹಾಗೆ ಹೋಗಲ್ಲ ಅಂತಾರಲ್ಲ?” ಯಜಮಾನರು ಕೇಳಿದರು.

“ಹೋಗಿದ್ದು ಈ ಕಾಯಿಲೆಯಿಂದ ಅಲ್ಲ ಸರ್. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತಂತೆ. ಜ್ವರ ಬಂದ್ರೆ ಹಳೇ ತೊಂದರೆಗಳೆಲ್ಲ ಎದ್ದು ಕೂರ್ತವೆ, ಕಾಲು ಬೀಳುತ್ತೆ, ಮಾತು ತೊದಲುತ್ತೆ. ಅಟ್ಯಾಕ್ ಅಲ್ಲ, ನಿಜ. ಆದ್ರೆ ಆ ಜ್ವರ ಯಾಕೆ ಬಂತು ಅಂತ ಆವತ್ತೇ ನೋಡಿಸ್ಬೇಕು, ಕಾಯಬಾರದು.” ನರ್ಸು ಅಕ್ಕನ ಕಡೆ ತಿರುಗಿದಳು. “ನಿಮಗೆ ಹೇಳಿಕೊಡಬೇಕಾ, ನಮಗಿಂತ ನೀವೇ ಚೆನ್ನಾಗಿ ತಿಳ್ಕೊಂಡಿದ್ದೋರು. ಎಷ್ಟು ಹೊತ್ತಿಗೆ ಶುರುವಾಯ್ತು?”

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಬೆಳಿಗ್ಗೆ,” ಎಂದಳು.

ಎಲ್ಲರೂ ಅವನು ಸತ್ತ ಸೋಮವಾರದ ಬೆಳಿಗ್ಗೆ ಎಂದುಕೊಂಡರು. ಅಕ್ಕ ತಿದ್ದಲಿಲ್ಲ. ತಮ್ಮನ ತಲೆದೆಸೆಯಲ್ಲಿ ಕೂತಿದ್ದ ಅವನ ಮಗಳೂ ತಲೆಯಾಡಿಸಿದಳು.

*

ಶುರುವಾದದ್ದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ. ಸ್ನಾನದ ಮನೆಯ ಬಾಗಿಲಲ್ಲಿ ತಮ್ಮನ ಎರಡೂ ಕಾಲು ಕುಸಿದವು. ಹಲ್ಲು ಕಟಕಟ ಎನ್ನುತ್ತಿತ್ತು, ಮಾತು ತೊದಲುತ್ತಿತ್ತು. ಅಕ್ಕ ಹಣೆ ಮುಟ್ಟಿದಳು. ಕೆಂಡ! ಮುಟ್ಟಿದವಳಿಗೆ ಸಮಾಧಾನವಾಯಿತು. ಅಯ್ಯೋ, ಹೆದರಬೇಕಾದ ಗಳಿಗೆಯಲ್ಲಿ ಅವಳಿಗೆ ಸಮಾಧಾನವಾಯಿತು!

“ಜ್ವರ ಕಣೋ, ಅಷ್ಟೇ. ಅಟ್ಯಾಕ್ ಅಲ್ಲ. ನಾಳೆ ಇಷ್ಟು ಹೊತ್ತಿಗೆ ನೋಡೋಣ.”

ನಾಲ್ಕು ದಿನದಿಂದ ಮೂತ್ರದಲ್ಲಿ ಉರಿ ಇತ್ತೆಂದು ತಮ್ಮ ಬಾಯಿ ಬಿಟ್ಟಿರಲಿಲ್ಲ. ಅಕ್ಕನ ಹತ್ತಿರ ಅದನ್ನು ಹೇಗೆ ಹೇಳುತ್ತಾನೆ, ನಾಚಿಕೆ. ಮಾತ್ರೆ ನುಂಗಿದ, ಒದ್ದೆ ಬಟ್ಟೆ ಹಾಕಿಸಿಕೊಂಡ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣು ಬಿಟ್ಟು, “ಅಕ್ಕಾ, ಫೋನ್ ಮಾಡೋಣ್ವಾ?” ಎಂದು ಕೇಳಿದ.

ಅಕ್ಕ ಗೋಡೆಯ ಗಡಿಯಾರ ನೋಡಿದಳು. “ಇನ್ನೊಂದು ಗಂಟೆ ಹತ್ತು ನಿಮಿಷ ತಡ್ಕೋ.”

“ನನ್ನನ್ನೂ ಗೇಟಲ್ಲೇ ನಿಲ್ಲಿಸ್ಬಿಟ್ಯಲ್ಲೇ,” ಎಂದು ತಮ್ಮ ನಕ್ಕ. ಹತ್ತು ಹತ್ತಕ್ಕೆ ಸರಿಯಾಗಿ ಅಕ್ಕ ಫೋನ್ ಎತ್ತಿಕೊಂಡಳು. ಅಷ್ಟರಲ್ಲಿ ಅವನು ಕರೆದರೆ ಓಗೊಡುತ್ತಿರಲಿಲ್ಲ. ಸಂಜೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟ.

*

“ಬಾ ಅತ್ತೆ, ತಲೆ ಬಾಚ್ತೀನಿ. ಅಪ್ಪನ್ನ ಕರ್ಕೊಂಡು ಹೋಗೋ ವ್ಯಾನ್ ಬರೋ ಹೊತ್ತಾಯ್ತು,” ಎಂದು ಮಗಳು ಒಳಕೋಣೆಗೆ ಕರೆದಳು.

ತಾಯಿ ಹೋದಾಗ ಈ ಹುಡುಗಿಗೆ ಮೂರು ವರ್ಷ. ಅಂದಿನಿಂದ ಸಾಕಿದವಳು ಅಕ್ಕನೇ. ಈಗ ಪರವೂರಿನ ಅಚ್ಚುಕೂಟದಲ್ಲಿ ಕೆಲಸ. ಅಕ್ಕ ಮಂಚದ ತುದಿಯಲ್ಲಿ ಕೂತಳು. ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮಗಳು ಬುಡ ಹಿಡಿದು, ನೋಯದಂತೆ ಬಿಡಿಸುತ್ತಿದ್ದಳು.

“ಭಾನುವಾರ ಫೋನ್ ಮಾಡ್ಬೇಕು ಅನ್ಕೊಂಡೆ ಅತ್ತೆ,” ಎಂದಳು. “ಬಟ್ಟೆ ಒಗೆಯೋದಿತ್ತು, ಸುಮ್ನಾದೆ. ಮಾಡಿದ್ರೆ ಮಾತಾಡ್ತಿದ್ನಲ್ಲ ಅಪ್ಪ. ಅವತ್ತು ಚೆನ್ನಾಗೇ ಇದ್ದ.” ಅವಳು ಕೂದಲನ್ನು ಮೂರು ಎಳೆ ಮಾಡಿ ಹೆಣೆಯತೊಡಗಿದಳು. “ನನ್ನಂಥ ಪಾಪಿ ಯಾರಿದ್ದಾರೆ ಹೇಳು.”

ಸುಮ್ಮನಿದ್ದರೆ ಮುಗಿಯಿತು. ಹೇಳಿದರೆ, ಲೋಕದಲ್ಲಿ ತನ್ನದೆಂದು ಉಳಿದಿರುವ ಈ ಒಂದು ಜೀವವೂ ಕೈಬಿಟ್ಟು ಹೋಗುತ್ತದೆ. ಅಕ್ಕನಿಗೆ ಅದು ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೆ ಕೂಸು ಮಾಡದ ಪಾಪವನ್ನು ತಲೆಗೆ ಕಟ್ಟಿಕೊಂಡು ಹೋಗುತ್ತಿದೆಯಲ್ಲ!

“ಚೆನ್ನಾಗಿರಲಿಲ್ಲ ಕಣೇ,” ಎಂದಳು. “ಭಾನುವಾರ ಬೆಳಿಗ್ಗೇನೇ ಶುರುವಾಗಿತ್ತು. ಜ್ವರ ಸುಡ್ತಿತ್ತು. ಇಪ್ಪತ್ನಾಲ್ಕು ಗಂಟೆ ಆಗಲಿ ಅಂತ ಕೂತೆ ನಾನು.”

ಕೈ ನಿಂತಿತು. ಜಡೆ ಅರ್ಧಕ್ಕೆ ಬಂದಿತ್ತು.

“ಅಪ್ಪ ಏನೂ ಕೇಳಲಿಲ್ವಾ?”

“ಒಂಬತ್ತು ಗಂಟೆಗೆ ಕೇಳಿದ. ಫೋನ್ ಮಾಡೋಣ್ವಾ ಅಂದ.”

“ನೀನು ಬೇಡ ಅಂದ್ಯಾ?”

“ಬೇಡ ಅನ್ನಲಿಲ್ಲ. ಇನ್ನೊಂದು ಗಂಟೆ ಹತ್ತು ನಿಮಿಷ ತಡ್ಕೋ ಅಂದೆ.”

ಬೈಯಲಿ, ಕೂದಲು ಹಿಡಿದು ಎಳೆಯಲಿ ಎಂದು ಅಕ್ಕ ಕಣ್ಣು ಮುಚ್ಚಿ ಕಾದಳು. ಮಗಳು ಬೆರಳುಗಳ ನಡುವೆ ಹಿಡಿದಿದ್ದ ಮೂರು ಎಳೆಗಳನ್ನು ಒಂದೊಂದಾಗಿ ಬಿಟ್ಟಳು. ಬಾಚಣಿಗೆಯನ್ನು ಮಂಚದ ಮೇಲಿಟ್ಟು ಎದ್ದುಹೋದಳು.

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಯಾರೋ ಕರೆದರು. ಅಕ್ಕ ಗೋಡೆ ಹಿಡಿದು ಎದ್ದು, ಜನರ ಹಿಂದೆ ಬೀದಿಗೆ ಇಳಿದಳು. ಮಗಳು ಆಗಲೇ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದಳು, ತಿರುಗಿ ನೋಡಲಿಲ್ಲ.

“ಪಾಪ, ಜಡೆ ಬಿಚ್ಚಿಹೋಗ್ತಿರೋದೂ ತಿಳೀತಿಲ್ಲ ನೋಡಿ,” ಎಂದು ಪಕ್ಕದ ಮನೆಯಾಕೆ ಇನ್ನೊಬ್ಬಳ ಕಿವಿಯಲ್ಲಿ ಹೇಳಿದಳು. “ತಮ್ಮ ಅಂದ್ರೆ ಅಷ್ಟು ಜೀವ.” ಕಟ್ಟಲೆಂದು ಅವಳು ಕೈ ಚಾಚಿದಾಗ ಅಕ್ಕ ತಲೆ ಸರಿಸಿಕೊಂಡಳು. ವ್ಯಾನಿನ ಹಿಂದೆ ಅವಳು ಇಡುವ ಒಂದೊಂದು ಹೆಜ್ಜೆಗೂ ಜಡೆ ಒಂದೊಂದೇ ಹೆಣಿಕೆ ಸಡಿಲಿ, ಬೆನ್ನ ತುಂಬ ಬಿಚ್ಚಿಕೊಳ್ಳುತ್ತ ಹೋಯಿತು.