ಮಂಗಳೂರು ಗಾಡಿಗೆ ಕೈ ಬೀಸುವವರು

ನಮ್ಮಜ್ಜಿ ಮುನಿತಾಯಮ್ಮ ಮದುವೆಯಾಗಿ ನಾಯಂಡಹಳ್ಳಿಗೆ ಬಂದಾಗಿನಿಂದ ರೈಲಿಗೆ ಕೈ ಬೀಸುತ್ತಲೇ ಇದ್ದಾಳೆ. ನಮ್ಮ ಮನೆಗೂ ಹಳಿಗೂ ನಡುವೆ ಇರುವುದು ಒಂದು ಹುಣಸೆ ಮರ, ಒಂದು ಕಾಂಪೌಂಡು, ಅಷ್ಟೇ. ಅದರಲ್ಲೂ ರಾತ್ರಿಯ ಮಂಗಳೂರು ಗಾಡಿ ಎಂದರೆ ಅವಳಿಗೆ ಎಲ್ಲಿಲ್ಲದ ಸಡಗರ. ಒಲೆಯ ಮೇಲೆ ಎಸರು ಕುದಿಯುತ್ತಿದ್ದರೂ ಬಿಟ್ಟು ತಾರಸಿಗೆ ಓಡುತ್ತಾಳೆ. ಬೆಳಗಾದರೆ ಸಮುದ್ರದ ಹತ್ತಿರ ಇರುವ ಜನ ಅವರು, ಸುಮ್ಮನೆ ಕಳಿಸಿಕೊಡುವುದಕ್ಕಾಗುತ್ತದೆಯೇ ಎನ್ನುವುದು ಅವಳ ವಾದ.

"ಅಲ್ಲಿರೋರ್ಗೆ ನೀನೇನು ಕಾಣ್ತೀಯ ಅಂತ ಬೀಸ್ತೀಯ?" ಇದು ತಾತ ದೊಡ್ಡಣ್ಣನ ದಿನನಿತ್ಯದ ಪಾಠ. ಅವನು ಒಂದು ದಿನವೂ ರೈಲಿಗೆ ಕೈ ಬೀಸಿದವನಲ್ಲ. ಹಾಸಿಗೆ ಬದಲಾದರೆ ನಿದ್ದೆ ಬರುವುದಿಲ್ಲ ಎಂದು ನೆಪ ಹೇಳಿ ಒಂದು ರಾತ್ರಿಯೂ ಮನೆ ಬಿಟ್ಟವನಲ್ಲ. ಇಬ್ಬರೂ ಹೋಗಿ ಸಮುದ್ರ ನೋಡೋಣ ಎಂದು ಅಜ್ಜಿ ಕೇಳಿ ಕೇಳಿ ಸೋತಿದ್ದಳು. ಕೊನೆಗೆ ಅವಳನ್ನು ಕರೆದುಕೊಂಡು ಹೊರಟವಳು ಮೊಮ್ಮಗಳಾದ ನಾನು, ಕವನಾ.

ಹೊರಡುವ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ತಾತ ಒಂದು ಪಂದ್ಯ ಕಟ್ಟಿದ. ತಾರಸಿಯ ಟ್ಯೂಬ್‌ಲೈಟ್ ಕೆಳಗೆ ಕೈಯಲ್ಲಿ ಏನೋ ಒಂದು ಹಿಡಿದು ನಿಲ್ಲುತ್ತಾನೆ. ರೈಲಿನಿಂದ ನೋಡಿ ಅದೇನೆಂದು ಅಜ್ಜಿ ಫೋನಿನಲ್ಲಿ ಹೇಳಬೇಕು. ಸರಿಯಾಗಿ ಹೇಳಿದರೆ ಮುಂದಿನ ತಿಂಗಳು ತಾತನೂ ಸಮುದ್ರಕ್ಕೆ ಬರುತ್ತಾನೆ. ತಪ್ಪಿದರೆ ಅಜ್ಜಿ ಇನ್ನು ರೈಲಿಗೆ ಕೈ ಬೀಸುವಂತಿಲ್ಲ. ಅವನ ಮಾತು ಮುಗಿಯುವ ಮೊದಲೇ ಅಜ್ಜಿ ಆಯ್ತು ಎಂದುಬಿಟ್ಟಳು.

ಎಲ್ಲ ಕೆಡಿಸಿದವಳು ನಾನು. ಅಜ್ಜಿಗೆ ಸುಖವಾಗಿರಲಿ ಎಂದು ಎಸಿ ಡಬ್ಬಿಗೆ ಟಿಕೆಟ್ ಮಾಡಿಸಿದ್ದೆ. ಮನೆ ಇರುವ ಕಡೆಯೇ ಕಿಟಕಿ ಸಿಕ್ಕಿತೆಂದು ಬೀಗುತ್ತಲೂ ಇದ್ದೆ. ಮೆಜೆಸ್ಟಿಕ್ ಬಿಟ್ಟು ಗಾಡಿ ಕತ್ತಲಿಗೆ ಬಂದದ್ದೇ ತಡ, ಅಜ್ಜಿ ಗಾಜಿಗೆ ಹಣೆ ಒತ್ತಿದಳು.

"ಕವನಾ, ಇದ್ರಲ್ಲಿ ನನ್ ಮುಖನೇ ಕಾಣ್ತಿದೆಯಲ್ಲೇ. ಕಿಟಕಿ ತೆಗಿ."

"ತೆಗಿಯಕ್ಕಾಗಲ್ಲ ಅಜ್ಜಿ, ಎಸಿ ಇದು."

"ಅಷ್ಟು ದುಡ್ಡು ಕೊಟ್ಟು ಮುಚ್ಚಿರೋ ಕಿಟಕಿ ತಗೊಂಡ್ಯಾ?"

ನನ್ನ ಮೇಲೆ ನನಗೇ ಸಿಟ್ಟು ಬಂತು. ನಾಯಂಡಹಳ್ಳಿಗೆ ಇನ್ನು ಹತ್ತು ನಿಮಿಷವೂ ಇರಲಿಲ್ಲ.

ಎದುರು ಸೀಟಿನಲ್ಲಿ ರೊಟ್ಟಿ ಗಂಟು ಬಿಚ್ಚುತ್ತಿದ್ದ ಹೆಂಗಸು ನಮ್ಮ ಪಂಚಾಯಿತಿ ಕೇಳಿಸಿಕೊಂಡು ಕೈ ನಿಲ್ಲಿಸಿದರು. ಹೆಸರು ಗುರುದೇವಿ, ಬಾಗಲಕೋಟೆಯ ಕಡೆಯವರು, ಈಗ ವಿಜಯನಗರದಲ್ಲಿ ಮನೆ. "ಒಳಗ ಲೈಟ್ ಆರಿಸಿದ್ರ ಹೊರಗಿಂದು ಕಾಣ್ತೈತಿ ನೋಡ್ರಿ," ಎಂದು ಸ್ವಿಚ್ ಒತ್ತಿಯೇಬಿಟ್ಟರು. ಆದರೆ ಪಕ್ಕದ ಸೀಟುಗಳ ಬೆಳಕು ಗಾಜಿನ ಮೇಲೆ ಬೀಳುತ್ತಲೇ ಇತ್ತು. ಗುರುದೇವಿ ಎದ್ದು ಡಬ್ಬಿಯ ಉದ್ದಕ್ಕೂ ಹೊರಟರು.

"ಐದು ನಿಮಿಷ ಎಲ್ಲಾರೂ ಲೈಟ್ ಆರಿಸ್ರಿ. ಅಜ್ಜಿ ತನ್ನ ಗಂಡನ್ನ ನೋಡ್ಬೇಕಂತ."

"ಎಲ್ಲಿದಾರೆ ಅವ್ರು?" ಎಂದ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಒಬ್ಬ.

"ತಾರಸಿ ಮ್ಯಾಲ."

ಅವನು ನಗುತ್ತಲೇ ಲ್ಯಾಪ್‌ಟಾಪ್ ಮುಚ್ಚಿದ. ಒಂದೊಂದೇ ದೀಪ ಆರಿತು, ಮೊಬೈಲುಗಳು ಮಗುಚಿ ಬಿದ್ದವು. ಉಳಿದದ್ದು ಓಡಾಡುವ ದಾರಿಯ ದೀಪಗಳು. ಹೊದಿಕೆ ಹಂಚುತ್ತಿದ್ದ ಅಟೆಂಡರ್ ಸಂಪತ್ ಅದು ಆಗುವುದಿಲ್ಲ ಎಂದ.

"ಅಪ್ಪಾ, ನಮ್ಮನೆಯವ್ರು ಮನೆ ಬಿಟ್ಟು ಎಲ್ಗೂ ಬಂದೋರಲ್ಲ. ಇವತ್ತು ಸೋತ್ರೆ ಬರ್ತಾರೆ," ಎಂದಳು ಅಜ್ಜಿ.

ಸಂಪತ್ ಹೊದಿಕೆ ಕೆಳಗಿಟ್ಟ. "ಎರಡೇ ನಿಮಿಷ ಅಜ್ಜಿ," ಎಂದು ಹೋಗಿ ಅವನ್ನೂ ಆರಿಸಿದ. ಹೊರಗಿನದೆಲ್ಲ ಒಮ್ಮೆಗೇ ಕಾಣತೊಡಗಿತು, ಗೋಡೌನುಗಳು, ನಿಂತ ಲಾರಿಗಳು, ಯಾರದೋ ಮನೆಯ ಟಿವಿ. ಅಜ್ಜಿಯ ಚಿಂತೆಯೇ ಬೇರೆ. "ಮೋರಿ ವಾಸ್ನೆ ಬಂದ್ರೆ ನಮ್ಮೂರು ಅಂತ ಗೊತ್ತಾಗ್ತಿತ್ತು. ಇಲ್ಲಿ ಅದೂ ಬರಲ್ವಲ್ಲೇ."

"ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ ಬಂತು," ಎಂದು ಹಿಂದಿನಿಂದ ಯಾರೋ ಕೂಗಿದರು. ಮುಖವೇ ಕಾಣದ ಜನವೆಲ್ಲ ನಮಗಾಗಿ ಕಿಟಕಿಗೆ ಅಂಟಿಕೊಂಡಿದ್ದರು. ಆಗ ಹೊಳೆಯಿತು, ನಾವು ಕತ್ತಲಲ್ಲಿ ಕೂತರೆ ತಾತನಿಗೆ ನಾವು ಕಾಣುವುದಿಲ್ಲ. ಅದನ್ನು ಅಜ್ಜಿಗೆ ಹೇಳಿಯೂಬಿಟ್ಟೆ.

"ನೋಡ್ಬೇಕಾಗಿರೋದು ನಾನು ಕಣೇ," ಎಂದಳು. ದನಿ ಮಾತ್ರ ಸಣ್ಣದಾಗಿತ್ತು. ಆದರೂ ಕತ್ತಲಲ್ಲೇ ಕೈ ಎತ್ತಿದಳು.

ಹುಣಸೆ ಮರ ಬಂತು. ಅದರ ಹಿಂದೆ ಟ್ಯೂಬ್‌ಲೈಟ್ ಬೆಳಕು. ನಾನು ತಾತನನ್ನು ಹುಡುಕುವಷ್ಟರಲ್ಲಿ ಮನೆ ಹಿಂದಕ್ಕೆ ಹೋಗಿತ್ತು.

ದೀಪ ಹತ್ತಿದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಏನು ಕಂಡಿತೆಂದು ಯಾರು ಕೇಳಿದರೂ ಬಾಯಿ ಬಿಡಲಿಲ್ಲ. ಫೋನ್ ಮಾಡು ಎಂದಳು. ನಾನು ಸ್ಪೀಕರ್ ಹಾಕಿದೆ. ಅರ್ಧ ಡಬ್ಬಿ ನಮ್ಮ ಸೀಟಿನ ಸುತ್ತ ನಿಂತಿತ್ತು.

"ಕೈಲಿ ಏನ್ ಹಿಡ್ಕೊಂಡಿದ್ದೆ, ಹೇಳು," ಎಂದ ತಾತ.

"ಏನೂ ಇಲ್ಲ."

ಗುರುದೇವಿ ತಲೆ ಮೇಲೆ ಕೈ ಹೊತ್ತುಕೊಂಡರು.

"ಎರಡೂ ಕೈ ಖಾಲಿ ಇತ್ತು. ಕೈ ಬೀಸ್ತಿದ್ರಿ," ಎಂದಳು ಅಜ್ಜಿ.

ಆ ಕಡೆಯಿಂದ ನನ್ನ ಅಮ್ಮನ ನಗು ಕೇಳಿಸಿತು. "ಮಾವ ಸಂಜೆಯಿಂದ ಮೊರ ಹಿಡ್ಕೊಂಡು ನಿಂತಿದ್ರು ಅತ್ತೆ. ಗಾಡಿ ಬಂದಾಗ ಅದನ್ನ ಬಿಸಾಕ್ಬಿಟ್ರು."

"ಎಸಿ ಡಬ್ಬಿ ಅಂದಿದ್ಳು ಕವನಾ, ಅದ್ರಲ್ಲಿ ಯಾವ್ದು ಅಂತ ತಿಳೀಲಿಲ್ಲ," ಎಂದ ತಾತ. "ನಿನ್ ಮುಖ ಎಲ್ಲೂ ಕಾಣ್ಲಿಲ್ಲ ಕಣೇ. ಇಡೀ ಗಾಡಿಲಿ ಒಂದ್ ಡಬ್ಬಿ ಮಾತ್ರ ಕತ್ತಲಾಗಿತ್ತು. ಇದು ನಿಂದೇ ಕೆಲಸ ಅನ್ನಿಸ್ತು. ಅದಕ್ಕೇ ಬೀಸ್ದೆ."

ಅಜ್ಜಿ ಫೋನನ್ನು ಬಾಯಿಯ ಹತ್ತಿರ ತಂದುಕೊಂಡಳು.

"ಮುಂದಿನ ತಿಂಗಳಿಗೆ ನಿಮ್ ಹಾಸಿಗೆ ಸುತ್ತಿಟ್ಕೊಳ್ಳಿ. ಅದನ್ನೂ ತಗೊಂಡೋಗೋಣ."