ಅಕ್ಕನ ಉಪ್ಪು

ನಮ್ಮ ಲಾಂಡ್ರಿಯಲ್ಲಿ ಒಂದು ನಿಯಮವಿದೆ. ಯಾರಾದರೂ ತಲೆ ತಿರುಗಿ ಬಿದ್ದರೆ ಫ್ಯಾನಿನ ಕೆಳಗೆ ಮಲಗಿಸಬೇಕು, ಬಾಯಿಗೆ ಉಪ್ಪುನೀರು ಬಿಡಬೇಕು, ಅರ್ಧ ಗಂಟೆ ಬಿಟ್ಟು ಮತ್ತೆ ಕೆಲಸಕ್ಕೆ ಎಬ್ಬಿಸಬೇಕು. ಊರಿನ ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಒಗೆಯಲು ಬರುವುದು ನಮ್ಮಲ್ಲಿಗೆ. ದಿನವಿಡೀ ಹಬೆಯಲ್ಲಿ ಬೇಯುವ ಜನ, ಬೀಳುವವರು ಇದ್ದೇ ಇರುತ್ತಾರೆ. ಅದಕ್ಕೇ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಯಾವಾಗಲೂ ಒಂದು ಕೊಡ ಉಪ್ಪುನೀರು, ಅದರ ಮೇಲೊಂದು ಸೊಟ್ಟಗಾದ ಸ್ಟೀಲ್ ಲೋಟ. ಈ ಕೊಡವೇ ನನ್ನ ಅಕ್ಕನ ಕಾಯಿಲೆಯನ್ನು ಒಂದು ವರ್ಷ ಮುಚ್ಚಿಟ್ಟಿತು.

ನಾನು ಬಾಯ್ಲರ್ ನೋಡಿಕೊಳ್ಳುವವನು. ಎಲ್ಲರೂ ಕರೆಯುವುದೂ ಬಾಯ್ಲರ್ ಅಂತಲೇ. ಕೆಲಸಕ್ಕೆ ಅರ್ಧ, ಸಿಟ್ಟಿಗೆ ಅರ್ಧ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಎಸೆದ ಡಸ್ಟರನ್ನು ಅವರಿಗೇ ತಿರುಗಿ ಎಸೆದು ಶಾಲೆಯಿಂದ ಹೊರಬಿದ್ದವನು ನಾನು. ಅವತ್ತು ಅಕ್ಕ ಬೈಯಲಿಲ್ಲ, ಅನ್ನ ಹಾಕಿದಳು. ಅಮ್ಮ ಹೋದಾಗ ನನಗೆ ಐದು, ಅವಳಿಗೆ ಹದಿನಾಲ್ಕು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರಲ್ಲ, ಆ ಗಾದೆಯಲ್ಲಿ ತಾಯಿ ಅಂತ ಬಂದಾಗಲೆಲ್ಲ ನನಗೆ ಕಾಣುವುದು ಅಕ್ಕನ ಮುಖ.

ಅಕ್ಕನದು ರೋಲರ್ ಕೆಲಸ. ಒದ್ದೆ ಹೊದಿಕೆಯನ್ನು ಕಾದ ಉರುಳೆಯ ಬಾಯಿಗೆ ಕೊಡುವುದು, ಆಚೆ ಕಡೆ ಒಣಗಿ ಬಂದದ್ದನ್ನು ಮಡಚುವುದು. ದೊಡ್ಡ ಹೊದಿಕೆ ಮಡಚಲು ಇಬ್ಬರು ಬೇಕು. ಒಂದೊಂದು ತುದಿ ಹಿಡಿದು ದೂರ ನಿಂತು, ಒದರಿ, ಮೂಲೆಗೆ ಮೂಲೆ ಸೇರಿಸುತ್ತಾ ಹತ್ತಿರ ಬರಬೇಕು. ಬಿಡುವಿದ್ದಾಗ ನಾನೇ ಅವಳ ಎದುರು ನಿಲ್ಲುತ್ತಿದ್ದೆ. ನಾನು ಯಾವುದೋ ಸಿಟ್ಟಿನಲ್ಲಿ ಎಳೆಯುತ್ತಿದ್ದೆ, ಬಟ್ಟೆ ಸೊಟ್ಟಗಾಗುತ್ತಿತ್ತು. "ಎಳೀಬೇಡ್ವೋ, ಬಾ" ಅನ್ನುತ್ತಿದ್ದಳು ಅಕ್ಕ. ಹದಿನೈದು ವರ್ಷದಿಂದ ಅದೇ ಮಾತು.

ಕಳೆದ ವರ್ಷ ಅವಳು ಕರಗತೊಡಗಿದಳು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ಬೆರಳ ಗೆಣ್ಣು ಕಪ್ಪಾಯಿತು, ಒಸಡು ಕಪ್ಪಾಯಿತು, ಅಂಗೈಯ ಗೆರೆಗಳು ಶಾಯಿಯಲ್ಲಿ ಬರೆದ ಹಾಗಾದವು. ಮಣಿಕಟ್ಟಿನ ಹಳೇ ಸುಟ್ಟ ಗಾಯವಂತೂ ಇದ್ದಿಲು. ಹಬೆಯಲ್ಲಿ ಬೆಂದರೆ ಯಾರಾದರೂ ಕಪ್ಪಾಗುತ್ತಾರೆ ಅಂದರು ಹೆಂಗಸರು. ಕೊಡದ ಉಪ್ಪುನೀರನ್ನು ಉಳಿದವರು ಒಂದು ಲೋಟ ಕುಡಿದರೆ ಅಕ್ಕ ಐದು ಕುಡಿಯುತ್ತಿದ್ದಳು. ಮನೆಯಲ್ಲಿ ಅಂಗೈಗೆ ಉಪ್ಪು ಸುರಿದುಕೊಂಡು ಸಕ್ಕರೆಯಂತೆ ನೆಕ್ಕುತ್ತಿದ್ದಳು. ಉಪ್ಪಿನ ಡಬ್ಬಿ ಅಂತ ಹೆಸರು ಬಿತ್ತು, ಅವಳೂ ನಕ್ಕಳು. ನಿಂತಲ್ಲೇ ಕುಸಿದು ಕೂತಾಗ ಮೇಸ್ತ್ರಿ, ಇವಳಿಗೆ ಸೋಮಾರಿತನ ಬಂದಿದೆ ಅಂದ. ನಾನು ಅವನ ಕಾಲರ್ ಹಿಡಿದೆ. ಅದೂ ನಮ್ಮಲ್ಲಿ ನಿಯಮದ ಹಾಗೇ ಆಗಿಬಿಟ್ಟಿದೆ.

ಕಾಯಿಲೆ ಸಿಕ್ಕಿದ್ದು ಆಕಸ್ಮಿಕವಾಗಿ. ಒಗೆದ ಗಂಟು ಕೊಡಲು ಆಸ್ಪತ್ರೆಗೆ ಹೋದ ಅಕ್ಕ ವಾರ್ಡಿನಲ್ಲಿ ಸಹಿ ಹಾಕುತ್ತಿದ್ದಳಂತೆ. ಪಕ್ಕದಲ್ಲಿದ್ದ ಡಾಕ್ಟರಮ್ಮ ಅವಳ ಕೈ ತಿರುಗಿಸಿ ನೋಡಿ, ಉಪ್ಪು ಜಾಸ್ತಿ ತಿನ್ನಬೇಕು ಅನಿಸುತ್ತಾ ಅಂತ ಕೇಳಿದರು. ಅಕ್ಕ ಬೆಪ್ಪಾದಳು. ರಕ್ತ ಪರೀಕ್ಷೆ ಆಯಿತು, ನನ್ನನ್ನೂ ಕರೆಸಿದರು.

ಡಾಕ್ಟರಮ್ಮ ಒಂದು ಚೀಟಿಯ ಹಿಂದೆ ಎರಡು ಮೂತ್ರಪಿಂಡ ಬರೆದು, ಎರಡಕ್ಕೂ ಒಂದೊಂದು ಟೋಪಿ ಹಾಕಿದರು. ಆ ಟೋಪಿಯೇ ಅಡ್ರಿನಲ್ ಗ್ರಂಥಿ. ಹೊರಗಿನ ಪದರದಲ್ಲಿ ಕಾರ್ಟಿಸೋಲ್ ಆಗುತ್ತದೆ. ಜ್ವರ ಬಂದಾಗ, ಹಸಿವಾದಾಗ, ಏಟು ಬಿದ್ದಾಗ ದೇಹ ಎದ್ದು ನಿಲ್ಲುವುದು ಅದರ ಬಲದಿಂದ. ಅಲ್ಲೇ ಆಲ್ಡೋಸ್ಟಿರೋನ್ ಅಂತ ಇನ್ನೊಂದು, ಅದು ಮೈಯಲ್ಲಿ ಉಪ್ಪು ಹಿಡಿದಿಡುತ್ತದೆ. ಅಕ್ಕನ ಹೊರಪದರ ಒಣಗಿಹೋಗಿತ್ತು. ರೋಗದಿಂದ ಕಾಯಬೇಕಾದ ಅವಳ ಮೈಯ ಪಡೆಯೇ ಅದನ್ನು ತಿಂದುಹಾಕಿತ್ತು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆಡಿಸನ್ ಕಾಯಿಲೆ ಅಂತ ಹೆಸರು. ಮತ್ತೆ ಮೈ ಕಪ್ಪಾಗುವುದು ಯಾಕೆ ಅಂದೆ. ಕೆಲಸ ಮಾಡು ಅಂತ ತಲೆಯೊಳಗಿಂದ ಆ ಗ್ರಂಥಿಗೆ ಆಜ್ಞೆ ಹೋಗುತ್ತಲೇ ಇರುತ್ತದೆ, ಗ್ರಂಥಿಗೆ ಶಕ್ತಿಯಿಲ್ಲ. ಆಜ್ಞೆ ಇನ್ನೂ ಜೋರಾಗುತ್ತದೆ. ಆ ಕೂಗಾಟವೇ ಚರ್ಮಕ್ಕೆ ಕಪ್ಪು ಬಳಿಯುತ್ತದೆ ಅಂದರು.

ಸಿಟ್ಟೂ ಅಲ್ಲಿಂದಲೇ ಬರುತ್ತದಾ ಅಂತ ಕೇಳಿದೆ. ಸಿಟ್ಟು ಬಂದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಒಳಗಿನ ತಿರುಳಿನ ಅಡ್ರಿನಲಿನ್‌ನಿಂದ ಅಂದರು.

"ಅದು ನಿಮ್ಮಕ್ಕನಿಗೂ ಇದೆಯಪ್ಪ. ನಿನಗೆ ಮಾತ್ರ ಇಬ್ಬರ ಪಾಲು ಬಂದ ಹಾಗಿದೆ."

ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ದಿನವೂ ಮಾತ್ರೆ, ಬದುಕಿರುವವರೆಗೂ. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅಲ್ಲೇ ಸೂಜಿ ಚುಚ್ಚಿ ಆಸ್ಪತ್ರೆಗೆ ಓಡಬೇಕು. ಆ ಸೂಜಿ ಹಾಕುವುದನ್ನು ನಮ್ಮದೇ ಲಾಂಡ್ರಿಯ ಟವಲ್ ಮಡಚಿಟ್ಟು ನನಗೆ ಕಲಿಸಿದರು. ಒಂದು ದಿನವೂ ನಿಲ್ಲಿಸಬಾರದು ಅಂತ ಮೂರು ಸಲ ಹೇಳಿದರು.

ಎರಡು ತಿಂಗಳಲ್ಲಿ ಅಕ್ಕ ಮೊದಲಿನ ಅಕ್ಕನಾದಳು. ಕೆನ್ನೆ ತುಂಬಿತು. ಹೊದಿಕೆ ಒದರಿದರೆ ಪಟ್ ಅಂತ ಸದ್ದು ಬರತೊಡಗಿತು. ಎಲ್ಲ ಕೆಡಿಸಿದ್ದು ನಾನು.

ಒದ್ದೆ ಗಂಟು ಹೊರುವವನೊಬ್ಬನಿದ್ದಾನೆ, ಗೋಡೆ ಅಂತ ಕರೆಯುತ್ತೇವೆ. ಜಿಮ್ಮಿನಲ್ಲಿ ಯಾರೋ ಕೊಟ್ಟ ಸ್ಟೀರಾಯ್ಡ್ ಚುಚ್ಚಿಕೊಂಡು ಮೈ ಬೆಳೆಸಿದವನು, ಈಗ ಹೃದಯ ಕೆಟ್ಟು ಎರಡು ಮೆಟ್ಟಿಲಿಗೆ ಏದುಸಿರು ಬಿಡುತ್ತಾನೆ. ಅಕ್ಕನ ಮಾತ್ರೆಯ ಹಾಳೆ ನೋಡಿ, ಇದೂ ಸ್ಟೀರಾಯ್ಡೇ ಕಣೋ, ಮುಖ ಊದಿರೋದು ನೋಡು ಅಂದ. ನನ್ನ ತಲೆಗೆ ಹಬೆ ಏರಿತು. ಬಡವರ ಮೈ ಅಂದರೆ ಇವರಿಗೆ ಪ್ರಯೋಗಶಾಲೆ ಅಂತ ಮನೆಯಲ್ಲಿ ಕೂಗಾಡಿದೆ. ಡಾಕ್ಟರನ್ನೇ ಒಂದು ಮಾತು ಕೇಳೋಣ ಅಂದಳು ಅಕ್ಕ. ನಾನು ಪಿಂಗಾಣಿ ತಟ್ಟೆ ಎಸೆದೆ. ಅವಳು ಬಗ್ಗಿ ಚೂರು ಆರಿಸುತ್ತಾ ಹೇಳಿದಳು:

"ಆಯ್ತು, ತಗೊಳ್ಳಲ್ಲ. ನೀನು ಕೂಗಬೇಡ, ಅಷ್ಟೇ."

ಮಾರನೇ ದಿನ ಮಾತ್ರೆಗಳನ್ನು ಬಾಯ್ಲರಿನ ಬೆಂಕಿಗೆ ಹಾಕಿದೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು, ಎರಡು ಸಲ ವಾಂತಿ. ತಿಂದದ್ದು ಹಿಡಿಸಿಲ್ಲ ಅಂದು ಕೆಲಸಕ್ಕೆ ಬಂದಳು. ಹತ್ತು ಗಂಟೆಗೆ ರೋಲರ್ ಹತ್ತಿರ ಗದ್ದಲ ಕೇಳಿ ಓಡಿದೆ. ಅಕ್ಕ ನೆಲದ ಮೇಲಿದ್ದಳು, ಕೈಯಲ್ಲಿ ಹೊದಿಕೆಯ ತುದಿ ಹಾಗೇ ಇತ್ತು. ಹೆಂಗಸರು ನಿಯಮದಂತೆ ಫ್ಯಾನಿನ ಕೆಳಗೆ ಎಳೆದರು, ಬಾಯಿಗೆ ಉಪ್ಪುನೀರು ಬಿಟ್ಟರು. ನೀರು ಕಟವಾಯಿಂದ ಹೊರಗೆ ಹರಿಯಿತು. ಬಿಸಿಲು ಜಾಸ್ತಿ, ಅರ್ಧ ಗಂಟೆಗೆ ಏಳುತ್ತಾಳೆ ಅಂದ ಮೇಸ್ತ್ರಿ.

ಏಳುವುದಿಲ್ಲ ಅಂತ ಅಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಉಪ್ಪುನೀರು ನಿಲ್ಲಿಸಿ, ವ್ಯಾನ್ ತೆಗೀರಿ ಅಂದೆ. ಅವಳ ಊಟದ ಚೀಲ ಸುರಿದೆ. ನಾನು ಮಾತ್ರೆ ಸುಟ್ಟರೂ ಸೂಜಿಯ ಡಬ್ಬಿಯನ್ನು ಅವಳು ಬಿಸಾಡಿರಲಿಲ್ಲ, ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯ ಕೆಳಗಿಟ್ಟಿದ್ದಳು. ಪುಡಿಯ ಬಾಟಲಿಗೆ ನೀರು ಬೆರೆಸಬೇಕು, ಅಲುಗಿಸಬೇಕು, ಎಳೆಯಬೇಕು. ನನ್ನ ಕೈ ನಡುಗುತ್ತಿತ್ತು. ಗೋಡೆಯ ಮೇಲೆ, ಮೇಸ್ತ್ರಿಯ ಮೇಲೆ, ನನ್ನ ಮೇಲೆ ಬಂದ ಸಿಟ್ಟೆಲ್ಲ ಬೆರಳ ತುದಿಯಲ್ಲಿ ಕುಣಿಯುತ್ತಿತ್ತು. ಸೂಜಿ ಬಾಟಲಿಯ ಬಾಯಿಗೆ ಸಿಗಲೇ ಇಲ್ಲ, ಎರಡು ಸಲ ಜಾರಿತು.

ಅಕ್ಕನ ಕಣ್ಣು ಅರ್ಧ ತೆರೆಯಿತು. ನಾನು ಕಂಡೆನೋ ಇಲ್ಲವೋ. ತುಟಿ ಅಲುಗಿತು.

"ಎಳೀಬೇಡ್ವೋ... ಬಾ."

ಅವಳ ಕೈಯಲ್ಲಿದ್ದ ಹೊದಿಕೆಯ ತುದಿಯನ್ನು ನಾನು ಒಂದು ಕ್ಷಣ ಹಿಡಿದೆ. ಮೂಲೆಗೆ ಮೂಲೆ. ಉಸಿರು ಬಿಟ್ಟೆ. ನೀರು ಬೆರೆಸಿದೆ, ಪುಡಿ ಕರಗುವವರೆಗೆ ಅಲುಗಿಸಿದೆ, ಸೂಜಿಗೆ ತುಂಬಿದೆ. ತೊಡೆಯ ಹೊರಬದಿಗೆ, ಬಟ್ಟೆಯ ಮೇಲಿಂದಲೇ, ಟವಲ್ಲಿಗೆ ಚುಚ್ಚಿದಷ್ಟೇ ನೇರವಾಗಿ ಚುಚ್ಚಿದೆ. ಪಕ್ಕದಲ್ಲಿ ರೋಲರ್ ಖಾಲಿ ತಿರುಗುತ್ತಿತ್ತು.

ವ್ಯಾನಿನಲ್ಲಿ, ಒಗೆದ ಗಂಟುಗಳ ನಡುವೆ, ಅವಳ ತಲೆ ನನ್ನ ಮಡಿಲಲ್ಲಿತ್ತು. ಕಾಲು ಎತ್ತಿ ಹಿಡಿದವನು ಗೋಡೆ. ಅವನು ದಾರಿಯುದ್ದಕ್ಕೂ ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು, ಬಾಟಲಿಯಲ್ಲಿದ್ದದ್ದೂ ಉಪ್ಪುನೀರೇ. ಆದರೆ ಅದನ್ನು ಹಿಡಿದಿಡುವ ಔಷಧಿಯೂ ಈಗ ಜೊತೆಗಿತ್ತು. ಡಾಕ್ಟರಮ್ಮ ನನ್ನನ್ನು ಹೊರಗೆ ನಿಲ್ಲಿಸಿ ಉಗಿದರು. ಗೋಡೆ ಚುಚ್ಚಿಕೊಂಡದ್ದು ಬೇರೆಯೇ ಜಾತಿಯದು, ಅವನು ತುಂಬಿದ ಕೊಡಕ್ಕೆ ಸುರಿದುಕೊಂಡ. ನಿಮ್ಮಕ್ಕನದು ಖಾಲಿ ಕೊಡ, ಅದಕ್ಕೆ ಬೇಕಾದಷ್ಟೇ ತುಂಬುತ್ತಿದ್ದೆವು ಅಂದರು. ಸೂಜಿ ಹಾಕದೆ ತಂದಿದ್ದರೆ ಏನಾಗುತ್ತಿತ್ತು ಅಂತಲೂ ಹೇಳಿದರು. ಅದನ್ನು ಬರೆಯಲಾರೆ. ಜೀವಮಾನದಲ್ಲಿ ಮೊದಲ ಸಲ ತಿರುಗಿ ಒಂದು ಮಾತೂ ಆಡದೆ ನಿಂತಿದ್ದೆ.

ಸಂಜೆ ಹೊತ್ತಿಗೆ ಅಕ್ಕ ದಿಂಬಿಗೆ ಒರಗಿ ಕೂತಳು. ಹೊದಿಸಿದ್ದ ಹೊದಿಕೆಯ ಅಂಚು ತಿರುಗಿಸಿ ನೋಡಿದಳು.

"ನಮ್ಮದೇ. ಯಾರೋ ಸೊಟ್ಟ ಮಡಚಿದ್ದಾರೆ."

"ನಾನೇ ಇರಬೇಕು" ಅಂದೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಅಂತ ಅವಳೇ ನನಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು. ಈ ಸಲ ಬಂದಿತ್ತು, ಎದುರಿಗೆ ಕೂತಿತ್ತು.

"ಅಕ್ಕ, ಇನ್ಮೇಲೆ ನಾನು ಎಷ್ಟೇ ಕೂಗಲಿ, ಮಾತ್ರೆ ಬಿಡಬೇಡ ಕಣೇ."

ಅವಳು ನನ್ನ ಕೈ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಕಪ್ಪು ಗೆರೆಯ ಅಂಗೈ, ಬೆಚ್ಚಗಿತ್ತು.

"ನೀನು ಕೂಗ್ತಾ ಇರು, ನಾನು ನುಂಗ್ತಾ ಇರ್ತೀನಿ" ಅಂದಳು. "ಆ ನೀರು ಕೊಡು."

ನರ್ಸ್ ಇಟ್ಟುಹೋಗಿದ್ದ ಮಾತ್ರೆ ಬಿಡಿಸಿ ಅವಳ ಅಂಗೈಗೆ ಹಾಕಿದೆ. ಅವಳು ನುಂಗುವವರೆಗೂ ಲೋಟ ಹಿಡಿದುಕೊಂಡೇ ಇದ್ದೆ. ನನ್ನ ಕೈ ನಡುಗಲಿಲ್ಲ.